ಅಪರಾಧಿಯನ್ನು ಸುಧಾರಿಸುವುದು, ಆದ ಹಾನಿಯನ್ನು ಸರಿಪಡಿಸುವುದು ಎರಡೂ ಒಂದೇನಾ?

ರಿಹ್ಯಾಬಿಲಿಟೇಷನ್ (ಅಪರಾಧಿಯನ್ನು ಸುಧಾರಿಸುವುದು), ರೆಸ್ಟೋರೇಟಿವ್ ಜಸ್ಟಿಸ್ (ಅಪರಾಧಿ, ಪೆಟ್ಟು ತಿಂದವರು ಮುಖಾಮುಖಿ ಮಾತಾಡಿ ಆದ ಹಾನಿಯನ್ನು ಸರಿಪಡಿಸುವುದು) ಎರಡೂ ಒಂದೇ ಅಲ್ವಾ, ಬೇರೆ ಅಂದ್ರೆ ಯಾವುದು ಮೇಲು ಅಂತ ಕೇಳಿದ್ದೀರಿ. ಒಂದೇ ಅಲ್ಲ. ಮೊದಲನೆಯದರಲ್ಲಿ ಎಲ್ಲರ ಗಮನ ಅಪರಾಧಿಯ ಮೇಲೆ: ಕುಡಿತ ಬಿಡಿಸುವುದು, ಓದು, ಕೆಲಸ ಕಲಿಸುವುದು, ಕೌನ್ಸೆಲಿಂಗ್. ಇದೆಲ್ಲ ಬೇಕು. ಆದರೆ ಪೆಟ್ಟು ತಿಂದವರು ಎಲ್ಲಿ? ಸಾಕ್ಷಿ ಹೇಳಿ ಮನೆಗೆ ಹೋದರು, ಅಷ್ಟೇ. ನನ್ನ ಮನೆಯನ್ನೇ ಯಾಕೆ ಆರಿಸಿಕೊಂಡೆ, ಮತ್ತೆ ಬರುತ್ತೀಯಾ ಅಂತ ಅಪರಾಧಿಯನ್ನು ಕೇಳಲು ಅವರಿಗೆ ಯಾರೂ ಅವಕಾಶ ಕೊಡುವುದಿಲ್ಲ.

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಲ್ಲಿ ಇಬ್ಬರು ಹುಡುಗರು ಕುಡಿದು, ಒಂದೇ ರಾತ್ರಿ 22 ಕಡೆ ಜನರ ಆಸ್ತಿ ಹಾಳು ಮಾಡಿದ್ದರು. ಅವರನ್ನು ನಷ್ಟವಾದವರ ಮುಂದೆಯೇ ನಿಲ್ಲಿಸೋಣ ಅಂತ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ಸೂಚಿಸಿದರು, ನ್ಯಾಯಾಧೀಶರು ಒಪ್ಪಿದರು. ಹುಡುಗರು ಮನೆ ಮನೆಗೆ ಹೋಗಿ ಮಾತಾಡಿ, ನಷ್ಟ ತುಂಬಿಕೊಟ್ಟರು. ಇಂದಿನ ರೆಸ್ಟೋರೇಟಿವ್ ಪದ್ಧತಿಯ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ನ್ಯೂಜಿಲೆಂಡ್ 1989ರ ಕಾನೂನಿನಲ್ಲಿ ಬಾಲಾಪರಾಧಿಗಳಿಗೆ ಕುಟುಂಬದವರೂ ಕೂತು ಮಾತಾಡುವ ಸಭೆಯನ್ನೇ ತಂದಿತು. ಇತ್ತ ರಿಹ್ಯಾಬಿಲಿಟೇಷನ್ ಕಡೆ ನೋಡಿದರೆ, ಅದೇ 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್, ಸುಧಾರಣಾ ಕಾರ್ಯಕ್ರಮಗಳಿಂದ ಹೇಳಿಕೊಳ್ಳುವಂಥ ಫಲ ಕಾಣುತ್ತಿಲ್ಲ ಎಂದು ಬರೆದದ್ದು ದೊಡ್ಡ ಗದ್ದಲವಾಯಿತು. 1979ರಲ್ಲಿ ಅವರೇ ಆ ಮಾತನ್ನು ತಿದ್ದಿಕೊಂಡರೂ, ಅಷ್ಟರಲ್ಲಿ ಅದು ಎಲ್ಲೆಡೆ ಹಬ್ಬಿಬಿಟ್ಟಿತ್ತು. ನನಗೆ ಇದು ತುಂಬ ಬೇಸರದ ವಿಷಯ.

ಮುಖಾಮುಖಿ ಮಾತುಕತೆಯಿಂದ ಮತ್ತೆ ಅಪರಾಧ ಮಾಡುವುದು ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ಪೆಟ್ಟು ತಿಂದವರ ಭಯ, ಸಿಟ್ಟು ಇಳಿಯುವುದು. ಬರೀ ಅಪರಾಧ ಎಷ್ಟು ಇಳಿಯಿತು ಅಂತ ಅಳೆದರೆ ಅವರು ಮತ್ತೆ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ.

ಹಾಗಂತ ಇದೊಂದೇ ಸಾಕು ಅಂತ ಹೇಳುತ್ತಿಲ್ಲ. ಮನಸ್ಸು ತುಂಬಿ ಕ್ಷಮೆ ಕೇಳಿದವನು ಕೂಡ ಅದೇ ಕುಡಿತ, ಅದೇ ನಿರುದ್ಯೋಗಕ್ಕೆ ಮರಳಿದರೆ ಆ ಕ್ಷಮೆ ಎಷ್ಟು ದಿನ ನಿಂತೀತು? ಅದಕ್ಕೇ ನನ್ನ ಪ್ರಕಾರ ಮಾತುಕತೆಯಲ್ಲಿ ಆದ ಒಪ್ಪಂದದಲ್ಲೇ ಚಟ ಬಿಡಿಸುವ ಚಿಕಿತ್ಸೆ, ಕೆಲಸದ ತರಬೇತಿ ಸೇರಿರಬೇಕು. ಒಂದು ಎಚ್ಚರ ಮಾತ್ರ ಬೇಕೇ ಬೇಕು: ಎರಡೂ ಕಡೆಯವರು ತಾವಾಗಿ ಒಪ್ಪಿರಬೇಕು, ಅಪರಾಧಿ ತಪ್ಪನ್ನು ಒಪ್ಪಿಕೊಂಡಿರಬೇಕು. ಮನೆಯೊಳಗೇ ಹೊಡೆತ ತಿಂದವಳನ್ನು, ಹೊಡೆದವನ ಎದುರು ಸುಮ್ನೆ ಕೂರಿಸಿ ರಾಜಿ ಮಾಡ್ಕೊಳಿ ಅಂದರೆ ಅದು ರೆಸ್ಟೋರೇಟಿವ್ ಅಲ್ಲ, ಅವಳ ಮೇಲೆ ಇನ್ನೊಂದು ಒತ್ತಡ.