ಹೂವಿನ ಸಾಲು, ಗೊಂಬೆಯ ಮೆಟ್ಟಿಲು, ಕೆಂಪು ಗಾರೆ ನೆಲ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮೈಸೂರಿನ ಕುವೆಂಪುನಗರದ ಓದುಗರೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಹೆಸರು ಪ್ರಕಟಿಸುವುದು ಬೇಡವೆಂದು ಅವರು ಕೋರಿದ್ದಾರೆ. ಅವರು ಒಳಾಂಗಣ ಸ್ಟೈಲಿಸ್ಟ್; ಅಂದರೆ ಬಡಗಿ ಕೆಲಸ ಮುಗಿದು, ಗೋಡೆಯ ಬಣ್ಣ ಒಣಗಿದ ಮೇಲೆ ಯಾವ ಪರದೆ, ಯಾವ ದೀಪ, ಯಾವ ಪಾತ್ರೆ ಎಲ್ಲಿರಬೇಕೆಂದು ತೀರ್ಮಾನಿಸುವ ಕೆಲಸ ಅವರದು. "ದಿನವೂ ಫೋನಿನಲ್ಲಿ ನೂರಾರು ಮನೆಗಳ ಚಿತ್ರ ನೋಡುತ್ತೇನೆ, ಹೊಸದೇನೂ ಹೊಳೆಯುವುದಿಲ್ಲ. ಗಿರಾಕಿಗಳೂ ಅವೇ ಚಿತ್ರಗಳನ್ನು ತಂದು ತೋರಿಸುತ್ತಾರೆ. ಅರಮನೆಯೊಂದನ್ನು ಬಿಟ್ಟರೆ ಮೈಸೂರಿನಲ್ಲಿ ನಮ್ಮ ಕೆಲಸಕ್ಕೆ ಒದಗುವಂಥದ್ದು ಏನಿದೆ?" ಎಂದು ಕೇಳಿದ್ದಾರೆ. ಸರಸ್ವತಿಪುರದ ಹಳೆಯ ಮನೆಯೊಂದರ ಯಜಮಾನರು ಹಜಾರದ ಕೆಂಪು ಗಾರೆ ನೆಲವನ್ನು ಬೀಜ್ (ಮಸುಕು ಮರಳಿನ) ಬಣ್ಣದ ಹಾಸಿನಿಂದ ಪೂರ್ತಿ ಮುಚ್ಚಬೇಕೆಂದು ಹಟ ಹಿಡಿದಿದ್ದಾರೆಂದೂ, ಅವರಿಗೆ ಏನು ಹೇಳಬೇಕೆಂದು ತೋಚುತ್ತಿಲ್ಲವೆಂದೂ ಪತ್ರದ ಕೊನೆಯಲ್ಲಿದೆ.

ಮಾನ್ಯರೇ,

ನೀವು ನೋಡುವುದು ಕಡಿಮೆಯಾಗಿದೆ ಎಂದು ನನಗೆ ಅನಿಸುವುದಿಲ್ಲ. ನೋಡುತ್ತಿರುವುದೆಲ್ಲ ಮುಗಿದುಹೋದ ಕೆಲಸ, ತೊಂದರೆ ಅಲ್ಲಿದೆ. ಛಾಯಾಚಿತ್ರ ತೆಗೆಯುವ ಮೊದಲು ಚಾರ್ಜರ್, ಚಪ್ಪಲಿ, ನೀರಿನ ಕ್ಯಾನು, ಔಷಧಿಯ ಡಬ್ಬಿ ಇವನ್ನೆಲ್ಲ ಪಕ್ಕದ ಕೋಣೆಗೆ ಸಾಗಿಸಿ, ಕ್ಯಾಮೆರಾಗೆ ಅನುಕೂಲವಾಗುವಂತೆ ಸೋಫಾವನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದಿರುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗೆ ತೆಗೆದ ಚಿತ್ರದಲ್ಲಿ ಒಂದು ವಸ್ತು ಎಲ್ಲಿದೆ ಎಂಬುದು ಕಾಣುತ್ತದೆ, ಏಕೆ ಅಲ್ಲಿದೆ ಎಂಬುದು ಕಾಣುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ಅಪರೂಪವಾಗುವ ಯಾವುದೋ ಊರಿನಲ್ಲಿ, ಸಿಕ್ಕಷ್ಟು ಬೆಳಕನ್ನು ಕೋಣೆಯೊಳಗೆ ಉಳಿಸಿಕೊಳ್ಳಲು ಹಾಕಿದ ಕೆನೆಬಣ್ಣದ ಬಟ್ಟೆಯನ್ನು, ಮಾರ್ಚ್ ತಿಂಗಳ ಬಿಸಿಲೂ ರಸ್ತೆಯ ಧೂಳೂ ಒಟ್ಟಿಗೆ ನುಗ್ಗುವ ನಮ್ಮ ಹಜಾರಕ್ಕೆ ತಂದಾಗ ಅದು ಕಳೆಗುಂದುವುದು ಸಹಜ. ಆದ್ದರಿಂದ ನನ್ನ ಸಲಹೆ ಇಷ್ಟೆ: ಅಲಂಕಾರವೆಂದು ಯಾರೂ ಕರೆಯದ, ಆದರೆ ವಸ್ತುಗಳನ್ನು ದಿನವೂ ಕಾರಣವಿಟ್ಟು ಜೋಡಿಸುವ ಜಾಗಗಳನ್ನು ನೋಡಿ, ಅಲ್ಲಿಂದ ಆ ಕಾರಣವನ್ನು ಮಾತ್ರ ಎತ್ತಿಕೊಂಡು ಬನ್ನಿ.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಲ್ಲಿ. (ಸುಮ್ಮನೆ ನಿಂತರೆ ಬೈಸಿಕೊಳ್ಳಬೇಕಾದೀತು, ಒಂದು ಮೊಳ ಮಲ್ಲಿಗೆ ಕೊಂಡೇ ನಿಲ್ಲಿ.) ಕನಕಾಂಬರದ ದಂಡೆ ಕಟ್ಟುವವರು ನಡುನಡುವೆ ಮರುಗದ ಎಸಳನ್ನು ಸೇರಿಸುವುದು ಪರಿಮಳಕ್ಕೆ ನಿಜ, ಏಕೆಂದರೆ ಕನಕಾಂಬರಕ್ಕೆ ಸ್ವಂತ ವಾಸನೆಯಿಲ್ಲ, ಆದರೆ ಆ ಬೂದುಹಸಿರು ಪಕ್ಕಕ್ಕೆ ಬಂದೊಡನೆ ಕಿತ್ತಳೆಗೆ ಬರುವ ಕಾವನ್ನು ಗಮನಿಸಿ. ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥನಾಗಿ ಬಂದ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೆಲ್‌ಗೆ, ಅಲ್ಲಿನ ಕಪ್ಪು ದಾರ ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳು ಕಪ್ಪಿನ ಬಲವನ್ನು ಕುಗ್ಗಿಸುತ್ತಿದ್ದವು. ಒಂದು ಬಣ್ಣ ನಮಗೆ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣವೂ ತೀರ್ಮಾನಿಸುತ್ತದೆಂದು ಅವನು 1839ರಲ್ಲಿ ಪ್ರಕಟಿಸಿದ ವಿಚಾರ ಚಿತ್ರಕಾರರಿಗೂ ನೇಕಾರರಿಗೂ ನಿಯಮವಾಯಿತು. ಹೂ ಕಟ್ಟುವವರ ಕೈಗೆ ಆ ನಿಯಮ ಬಾಯಿಪಾಠದ ಹಂಗಿಲ್ಲದೆ ಬಂದಿದೆ. ನೀವು ಕುಶನ್ನಿನ ಬಟ್ಟೆ ಆರಿಸುವಾಗ ಇಡೀ ತುಂಡನ್ನು ಹರಡಿ ನೋಡುವ ಬದಲು, ಪಕ್ಕದ ಬಟ್ಟೆಯ ಬೆರಳಗಲದ ಪಟ್ಟಿಯನ್ನು ಅದರ ಮೇಲಿಟ್ಟು ನೋಡುವ ಅಭ್ಯಾಸವನ್ನು ಇಲ್ಲಿಂದ ಪಡೆಯಬಹುದು.

ಅದೇ ಮಾರುಕಟ್ಟೆಯ ಕುಂಕುಮ, ಅರಿಸಿನದ ಗುಡ್ಡೆಗಳನ್ನು ಪ್ರವಾಸಿಗಳೆಲ್ಲ ಚಿತ್ರ ತೆಗೆದುಕೊಳ್ಳುತ್ತಾರೆ. ಆ ಚಿತ್ರ ನಿಮಗೆ ಬೇಡ. ಗುಡ್ಡೆಯ ಆಕಾರವನ್ನು ನೋಡಿ. ಮೊನಚಾಗಿ ಏರಿಸಿದ ಒಂದೇ ಪುಡಿ ಬೆಳಕಿನ ಕಡೆಗೆ ಒಂದು ಕೆಂಪು, ನೆರಳಿನ ಕಡೆಗೆ ಇನ್ನೊಂದು ಕೆಂಪು, ಬುಡದಲ್ಲಿ ಪಕ್ಕದ ಹಳದಿಯ ಛಾಯೆ ಬಿದ್ದು ಮೂರನೆಯದೊಂದು ಕೆಂಪಾಗಿ ಕಾಣುತ್ತದೆ. ಪೇಂಟ್ ಅಂಗಡಿಯ ಚಪ್ಪಟೆ ಕಾರ್ಡು ಇದನ್ನು ಎಂದೂ ತೋರಿಸದು. ಬಣ್ಣ ಆರಿಸುವಾಗ ಡ್ರಾಯಿಂಗ್ ಹಾಳೆಗೆ ಆ ಬಣ್ಣ ಬಳಿದು, ನಡುವೆ ಮಡಚಿ, ಕೋಣೆಯ ಮೂಲೆಗೆ ಆನಿಸಿ ನಿಲ್ಲಿಸಿದರೆ ಗೋಡೆ ಎರಡು ಬದಿಯಲ್ಲಿ ಹೇಗೆ ಕಂಡೀತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಬೆಳಕಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೊರಗಿನ ಚಿತ್ರಗಳು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲಿಯೇ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಬೆಳಕು ದಿನವಿಡೀ ಒಂದೇ ಸಮನಿರುತ್ತದೆ ಎಂಬ ಮಾತನ್ನು ನೀವೂ ಓದಿರುತ್ತೀರಿ. ಯುರೋಪಿನ ಊರುಗಳ ಮಟ್ಟಿಗೆ ಅದು ಬಹುಪಾಲು ಸರಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಮ್ಮ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೋಡವಿಲ್ಲದ ದಿನ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಿಂದ ಓರೆಬಿಸಿಲು ಒಳಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ಇಳಿದು ಸುಮಾರು 54 ಡಿಗ್ರಿ ಎತ್ತರದಲ್ಲಿರುವುದರಿಂದ ದಕ್ಷಿಣದ ಕಿಟಕಿಯ ಬಿಸಿಲು ನೆಲದ ಮೇಲೆ ದೂರದವರೆಗೆ ಚಾಚಿಕೊಳ್ಳುತ್ತದೆ. ಜೂನಿನಲ್ಲಿ ಆಯ್ದ ಪರದೆ ಡಿಸೆಂಬರಿನಲ್ಲಿ ಬೇರೆಯೇ ಆಗಿ ಕಾಣಲು ಇಷ್ಟು ಸಾಕು. ಹೊಸ ಮನೆಯ ಕೆಲಸ ಒಪ್ಪಿಕೊಂಡಾಗ ಒಂದು ಇಡೀ ದಿನ ಅಲ್ಲಿದ್ದು, ನೆಲದ ಮೇಲೆ ಬೀಳುವ ಬಿಸಿಲಿನ ಅಂಚನ್ನು ಗಂಟೆಗೊಮ್ಮೆ ಬಳಪದಲ್ಲಿ ಗುರುತು ಹಾಕಿ ಗಂಟೆಯನ್ನು ಬರೆದಿಡಿ. ಆರಾಮ ಕುರ್ಚಿ ಎಲ್ಲಿರಬೇಕು, ಬೀಟೆ ಮರದ ಪೆಟ್ಟಿಗೆ ಎಲ್ಲಿ ಇರಕೂಡದು ಎಂಬ ಪ್ರಶ್ನೆಗಳಿಗೆ ಆ ಗೆರೆಗಳೇ ಉತ್ತರ ಕೊಟ್ಟಿರುತ್ತವೆ.

ರಾತ್ರಿಯ ಬೆಳಕಿಗೆ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಒಂದು ಪಾಠವಿದೆ: ದೀಪ ಹಿಡಿದ ಮಹಿಳೆಯ ಪ್ರಸಿದ್ಧ ಚಿತ್ರ. ರವಿವರ್ಮನದೆಂದು ಅನೇಕರು ಭಾವಿಸುವ ಈ ಜಲವರ್ಣ ಚಿತ್ರವನ್ನು ಬರೆದವರು ಎಸ್.ಎಲ್. ಹಲ್ದನ್‌ಕರ್. ಅಲ್ಲಿ ಬೆಳಕಿನ ಮೂಲ ಒಂದೇ, ಅದೂ ಮುಖಕ್ಕಿಂತ ಕೆಳಗಿದೆ, ಅದರ ಮುಂದೆ ಒಂದು ಅಂಗೈ ಅಡ್ಡವಿದೆ. ಬೆರಳುಗಳ ಅಂಚು ಕೆಂಪಗೆ ಬೆಳಗುತ್ತದೆ, ಮುಖಕ್ಕೆ ಹದವಾದ ಬೆಳಕು ಸಿಗುತ್ತದೆ, ಉಳಿದದ್ದೆಲ್ಲ ಕತ್ತಲಿಗೆ ಬಿಟ್ಟದ್ದು. ತಾರಸಿಯ ಫಾಲ್ಸ್ ಸೀಲಿಂಗಿನಲ್ಲಿ ಹನ್ನೆರಡು ಲೈಟು ಕೂಡಿಸಿ ಎಲ್ಲವನ್ನೂ ಒಮ್ಮೆಗೇ ಉರಿಸುವ ನಮ್ಮ ಹಜಾರಗಳಿಗೆ ಬೇಕಾದದ್ದು ಈ ಮೂರೇ ಸಂಗತಿ: ದೀಪ ಕೆಳಗಿರಲಿ, ಬಲ್ಬು ಕಣ್ಣಿಗೆ ನೇರವಾಗಿ ಕಾಣದಿರಲಿ, ಕೋಣೆಯ ಒಂದಷ್ಟು ಭಾಗ ಮಬ್ಬಾಗಿಯೇ ಉಳಿಯಲಿ.

ಇನ್ನು ನವರಾತ್ರಿಯ ಗೊಂಬೆ. ಮೈಸೂರಿನಲ್ಲಿ ಸ್ಟೈಲಿಂಗ್ ಕಲಿಯಲು ಜಾಗವೆಲ್ಲಿ ಎಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ. ಗೊಂಬೆ ಕೂರಿಸುವ ಮನೆಯಲ್ಲಿ ಪ್ರತಿ ವರ್ಷ ಅಟ್ಟದಿಂದ ಇಳಿಯುವುದು ಬಹುತೇಕ ಅವೇ ಗೊಂಬೆಗಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆ, ಚನ್ನಪಟ್ಟಣದ ಅರಗಿನ ಗೊಂಬೆಗಳು, ಮೂಗು ಮುಕ್ಕಾದ ಶೆಟ್ಟಿ ಶೆಟ್ಟಮ್ಮ. ಆದರೂ ಹಜಾರ ಪ್ರತಿ ಸಲ ಬೇರೆಯಾಗುತ್ತದೆ. ಮನೆಯ ಹಿರಿಯರು ಅದನ್ನು ಹೇಗೆ ಸಾಧಿಸುತ್ತಾರೆಂದು ಪಕ್ಕದಲ್ಲಿ ಕುಳಿತು ನೋಡಿ. ಮೆಟ್ಟಿಲುಗಳ ಸಂಖ್ಯೆ ಬೆಸ, ಪಟ್ಟದ ಗೊಂಬೆಗಳಿಗೆ ಮೇಲಿನ ಸ್ಥಾನ, ಇಷ್ಟು ಸಂಪ್ರದಾಯ. ಅದರಾಚೆಗೆ ಎಲ್ಲವೂ ಅವರ ತೀರ್ಮಾನ. ಮೆಟ್ಟಿಲಿಗೆ ಬಿಳಿ ಪಂಚೆ ಹಾಸುವುದು ಗೊಂಬೆಯ ಬಣ್ಣ ಎದ್ದು ಕಾಣಲೆಂದು. ಮುಕ್ಕಾದ ಗೊಂಬೆಯನ್ನು ಎಸೆಯದೆ, ಮುಕ್ಕಾದ ಬದಿ ಗೋಡೆಗೆ ಬರುವಂತೆ ಓರೆಯಾಗಿ ತಿರುಗಿಸುತ್ತಾರೆ. ಹಾಗೆ ತಿರುಗಿದ್ದರಿಂದಲೇ ಅದು ಪಕ್ಕದ ಗೊಂಬೆಯೊಡನೆ ಮಾತಿಗೆ ನಿಂತಂತೆ ಕಾಣುತ್ತದೆ. ಕೆಳಗಿನ ಮೆಟ್ಟಿಲಿಗೂ ನೆಲಕ್ಕೂ ಮಕ್ಕಳ ಕಣ್ಣು ತಲುಪುವುದರಿಂದ ಪುಟ್ಟ ಸಾಮಾನು, ಮದುವೆಯ ದಿಬ್ಬಣ, ಅಂಗಡಿ ಸಾಲು ಅಲ್ಲಿ. ಹಬ್ಬಕ್ಕೆ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ಚೆಲ್ಲಿದ ರಾಗಿ ಮೊಳೆತು ಪಾರ್ಕಿನ ಹುಲ್ಲಾಗುತ್ತದೆ, ಒಂಬತ್ತು ದಿನದಲ್ಲಿ ಬೆಳೆದು ಬಾಗುತ್ತದೆ. ಅಲಂಕಾರದೊಳಗೆ ದಿನವೂ ಬದಲಾಗುವ ಭಾಗ ಅದೊಂದೇ.

ಹೊಸ ವಸ್ತು ಕೊಳ್ಳದೆ ಹೊಸ ನೋಟ ತರುವುದು ನಿಮ್ಮ ವೃತ್ತಿಯ ಅತಿ ಕಷ್ಟದ ಭಾಗವೆಂದು ನಾನು ತಿಳಿದಿದ್ದೇನೆ. ಗಿರಾಕಿಯ ಮನೆಗೆ ಹೋದಾಗ ಅಂಗಡಿಯ ಪಟ್ಟಿ ಮಾಡುವ ಮೊದಲು ಅವರ ಅಟ್ಟ, ಶೋಕೇಸು, ದೇವರಮನೆಯ ಕೆಳಗಿನ ಕಪಾಟು ತೆರೆಸಿ, ಸಿಕ್ಕಿದ್ದನ್ನೆಲ್ಲ ಹಜಾರದ ನೆಲದ ಮೇಲೆ ಒಮ್ಮೆ ಹರಡಿ ನೋಡಿ. ಗೊಂಬೆ ಕೂರಿಸುವವರು ಮಾಡುವುದೂ ಮೊದಲು ಅದನ್ನೇ.

ನಿಮಗೆ ಸಾಕೆನಿಸಿದ ಅರಮನೆಯನ್ನೂ ಹೀಗೆಯೇ ಕಾರಣ ಹಿಡಿದು ನೋಡಬಹುದು. 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಈಗಿನದು ಎದ್ದಿತು; ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮರ ಸುಟ್ಟ ಜಾಗಕ್ಕೆ ಕಲ್ಲು, ಕಬ್ಬಿಣ ಬಂದದ್ದು ಬರಿಯ ವೈಭವದ ಆಸೆಯಿಂದಲ್ಲ. ಬೀಟೆ ಮರದ ಕುಸುರಿ ಕೆಲಸದಲ್ಲಿಯೂ ಅಷ್ಟೆ: ದಂತದ ಬಳಕೆ ಕಾನೂನಿನಿಂದ ನಿಂತ ಮೇಲೆ ಕುಶಲಕರ್ಮಿಗಳು ಬೇರೆ ಬೇರೆ ಮರಗಳ ಸಹಜ ಬಣ್ಣವನ್ನೇ ಹೆಚ್ಚು ನೆಚ್ಚಿಕೊಂಡರು. ಅವರು ಕತ್ತರಿಸಿ ಬಿಟ್ಟ ತುಂಡುಗಳನ್ನು ಕೇಳಿ ಪಡೆದರೆ ನಿಮಗೆ ಕಂದು ಬಣ್ಣದ ಒಂದು ಇಡೀ ಮಾದರಿ ಪಟ್ಟಿ ಸಿಕ್ಕಂತೆ.

ಮೇದಾರ್ ಬ್ಲಾಕಿನ ಬಿದಿರಿನ ಕೆಲಸವನ್ನೂ ನೋಡಿ. ಆದರೆ ಇಲ್ಲಿ ಒಂದು ತಕರಾರಿದೆ. ಮೊರಕ್ಕೆ ಬಣ್ಣ ಬಳಿದು, ಕನ್ನಡಿ ಚೂರು ಅಂಟಿಸಿ ಡ್ರಾಯಿಂಗ್ ರೂಮಿನ ಗೋಡೆಗೆ ತೂಗುಹಾಕುವ ಪದ್ಧತಿ ಈಚೆಗೆ ಬಹಳವಾಗಿದೆ. ನನಗೆ ಅದು ಸೇರುವುದಿಲ್ಲ. ಅಡುಗೆಮನೆಯಲ್ಲಿ ಮೊರವನ್ನು ಗೂಟಕ್ಕೆ ಸಿಕ್ಕಿಸುವುದು ಗಾಳಿಯಾಡಿ ಒಣಗಿರಲಿ, ಹುಳ ಹಿಡಿಯದಿರಲಿ, ಬೇಕೆಂದಾಗ ಕೈಗೆ ಸಿಗಲಿ ಎಂದು. ಆ ಕಾರಣವನ್ನು ಬಳಸಿಕೊಳ್ಳುವುದಾದರೆ, ದಿನ ಬಳಸುವ ಚೀಲ, ಟೋಪಿ, ಬುಟ್ಟಿಗಳಿಗೆ ಬಾಗಿಲ ಪಕ್ಕ ಒಂದು ಗೂಟದ ಸಾಲು ಹಾಕಿಕೊಡಿ. ಅದು ಚಿತ್ರದಲ್ಲಿಯೂ ಚೆನ್ನಾಗಿ ಬರುತ್ತದೆ, ಮನೆಯವರಿಗೂ ಒದಗುತ್ತದೆ.

ನೋಡಿದ್ದನ್ನು ಫೋನಿನಲ್ಲಿ ಚಿತ್ರ ತೆಗೆದಿಡುವುದಕ್ಕೆ ನನ್ನ ಅಡ್ಡಿಯಿಲ್ಲ. ಚಿತ್ರದ ಜೊತೆಗೆ ಮೂರು ಸಾಲು ಬರೆಯಿರಿ: ಎಷ್ಟು ಗಂಟೆಯಾಗಿತ್ತು, ವಸ್ತು ಎಷ್ಟು ಎತ್ತರದಲ್ಲಿತ್ತು, ಅಲ್ಲಿಯೇ ಇಡಲು ಕಾರಣವೇನಿದ್ದೀತು. ಕಾರಣ ಊಹೆಯಾದರೂ ಚಿಂತೆಯಿಲ್ಲ. ಗಿರಾಕಿ ತೋರಿಸುವ ಚಿತ್ರಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ಸೋಫಾವನ್ನು ಬೆರಳಿನಿಂದ ಮುಚ್ಚಿ, ಈಗಲೂ ಇಷ್ಟವಾಗುತ್ತದೆಯೇ ಎಂದು ಕೇಳಿ. ಕಿಟಕಿಯನ್ನು ಮುಚ್ಚಿ ಮತ್ತೆ ಕೇಳಿ. ಬಹಳ ಜನಕ್ಕೆ ಹಿಡಿಸಿರುವುದು ಸೋಫಾ ಅಲ್ಲ, ಅದರ ಸುತ್ತ ಬಿಟ್ಟ ಖಾಲಿ ಜಾಗ. ಅದಕ್ಕೆ ಖರ್ಚೂ ಇಲ್ಲ.

ಸರಸ್ವತಿಪುರದ ಮನೆಗೆ ಬರುತ್ತೇನೆ. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ತೀಡಿ ನುಣುಪು ಮಾಡಿದ ಆ ನೆಲಕ್ಕೆ ಟೈಲ್ಸಿನಂತೆ ಸಾಲು ಸಾಲು ಸಂದುಗಳಿಲ್ಲ. ವರ್ಷಗಳ ಒರೆಸುವಿಕೆಯಿಂದ ಬಂದ ಹೊಳಪನ್ನು ಇಂದು ಹಣ ಕೊಟ್ಟರೂ ತರಲಾಗದು, ಅದನ್ನು ಚೆನ್ನಾಗಿ ಮಾಡುವ ಗಾರೆಯವರು ಸಿಗುವುದೂ ಕಷ್ಟ. ಇದನ್ನೆಲ್ಲ ಯಜಮಾನರಿಗೆ ಉಪದೇಶ ಮಾಡಬೇಡಿ. ನೆಲ ಮಂಕಾಗಿದೆ ಎಂದು ಅವರಿಗೆ ಅನಿಸಿದ್ದರೆ ಮೊದಲು ಬಲ್ಬಿನ ಪೆಟ್ಟಿಗೆ ನೋಡಿ. 6500 ಕೆಲ್ವಿನ್ನಿನ (ಇದು ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿಬಿಳಿ, ಇಳಿದಷ್ಟೂ ಹಳದಿ) ಬಿಳಿ ಎಲ್ಇಡಿಯ ಕೆಳಗೆ ಕೆಂಪು ಗಾರೆ ಸತ್ತಂತೆ ಕಾಣುತ್ತದೆ. 2700 ಕೆಲ್ವಿನ್ನಿನ, ಸಿಆರ್‌ಐ (ವಸ್ತುವಿನ ಬಣ್ಣವನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಳತೆ) 90ಕ್ಕಿಂತ ಹೆಚ್ಚಿರುವ ಬಲ್ಬಿನ ಕೆಳಗೆ ಅದೇ ನೆಲದ ಕೆಂಪು ಮೇಲೇಳುತ್ತದೆ. ಎರಡನ್ನೂ ಕೊಂಡುಹೋಗಿ, ಸಂಜೆ ಅವರನ್ನು ಕೂರಿಸಿಕೊಂಡು ಒಂದಾದ ಮೇಲೊಂದು ಹಾಕಿ ತೋರಿಸಿ. ಕೆಂಪು ನೆಲ ತನ್ನ ಛಾಯೆಯನ್ನು ಗೋಡೆಯ ಕೆಳಭಾಗಕ್ಕೆ ಎರಚುವುದರಿಂದ ಬೀಜ್ ಬಣ್ಣ ಅಲ್ಲಿ ಕೊಳೆಯಾದಂತೆ ಕಾಣಬಹುದು ಎಂಬುದನ್ನೂ ಬಟ್ಟೆಯ ತುಂಡಿಟ್ಟೇ ತೋರಿಸಿ. ಹಳೆಯ ಮನೆಗಳ ಕಿಟಕಿ ಬಾಗಿಲಿಗೆ ಬಳಿದಿರುತ್ತಿದ್ದ ಹಸಿರನ್ನು ಸ್ವಲ್ಪ ತಿಳಿ ಮಾಡಿ ಪರದೆಗೆ ತಂದರೆ, ಮರುಗ ಮತ್ತು ಕನಕಾಂಬರದ ನಡುವೆ ನಡೆದದ್ದೇ ಈ ಹಜಾರದಲ್ಲಿಯೂ ನಡೆಯುತ್ತದೆ. ಇಷ್ಟಾದ ಮೇಲೂ ಅವರಿಗೆ ಹಾಸೇ ಬೇಕೆಂದಿದ್ದರೆ ಹಾಸಿಕೊಡಿ, ಮನೆ ಅವರದು. ಅಳತೆ ಮಾತ್ರ ನೀವು ಹೇಳಿ, ನಾಲ್ಕು ಬದಿಯಲ್ಲೂ ಒಂದೂವರೆ ಅಡಿ ಕೆಂಪು ನೆಲ ಬಿಟ್ಟು.

— ಸಂಪಾದಕರು