ಗ್ಯಾರೇಜ್ ಕಟ್ಟೆ: ಹಳೇ ಪಿಕಪ್‌ಗೆ ಗಟ್ಟಿ ಆಕ್ಸಲ್, ಕಮ್ಮಿ ಖರ್ಚಿನಲ್ಲಿ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಅರಸೀಕೆರೆ ಕಡೆಯವನು, ಈಗ ನೆವಾಡಾದ ರೀನೋದಲ್ಲಿದ್ದೇನೆ. ನನ್ನ ಹತ್ತಿರ 1989ರ ಟೊಯೋಟಾ ಪಿಕಪ್ ಇದೆ. ಫೋರ್ ವೀಲ್ ಡ್ರೈವ್, 22ಆರ್‌ಇ ಇಂಜಿನ್, 33 ಇಂಚಿನ ಟೈರ್. ರಜೆ ಬಂದರೆ ಬೆಟ್ಟದ ಕಲ್ಲು ದಾರಿಗೇ ಹೋಗುವುದು. ಒಂದೇ ವರ್ಷದಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಸಿವಿ ಜಾಯಿಂಟ್ ಎರಡು ಸಲ ಹೋಯಿತು. ಮುಂದಿನದನ್ನೆಲ್ಲ ಕತ್ತರಿಸಿ, ಎರಡೂ ಚಕ್ರವನ್ನು ಒಂದೇ ತೊಲೆಗೆ ಸೇರಿಸುವ ಗಟ್ಟಿ ಆಕ್ಸಲ್ ಹಾಕು ಅಂತ ಸ್ನೇಹಿತರು ಹೇಳುತ್ತಾರೆ. ಹೊಸ ಕಿಟ್‌ಗಳ ಬೆಲೆ ಕೇಳಿ ಗಾಬರಿಯಾಯಿತು. ನನ್ನ ಹತ್ತಿರ ಇರುವುದು ಎರಡೂವರೆ ಸಾವಿರ ಡಾಲರ್, ಒಂದು 110 ವೋಲ್ಟಿನ ವೆಲ್ಡಿಂಗ್ ಮಷಿನ್. ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಆ ದುಡ್ಡಿನಲ್ಲಿ ಆಗಬೇಕಾದರೆ ಬರೀ ಆಕ್ಸಲ್ ಹುಡುಕಬೇಡಿ, ಅದು ಇರುವ ಇಡೀ ಹಳೇ ಗಾಡಿ ಹುಡುಕಿ.

ಟೊಯೋಟಾದವರು ಅಮೆರಿಕದಲ್ಲಿ 1979ರಿಂದ 1985ರವರೆಗೆ ಮಾರಿದ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಮುಂದೆಯೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಇತ್ತು. 1986ರ ಮಾಡೆಲ್‌ನಿಂದ ಅದನ್ನು ತೆಗೆದು, ಎರಡು ಚಕ್ರ ಬೇರೆಬೇರೆ ಆಡುವ ಐಎಫ್‌ಎಸ್ ಸಸ್ಪೆನ್ಷನ್ ಹಾಕಿದರು. ಲೀಫ್ ಹೋಗಿ, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದನೆಯ ಟಾರ್ಷನ್ ಬಾರ್ ಬಂತು. ರಸ್ತೆಯಲ್ಲಿ ಅದು ನಿಜಕ್ಕೂ ಮೆತ್ತಗೆ ಹೋಗುತ್ತದೆ. ನಿಮ್ಮ ಗಾಡಿ ರಸ್ತೆಗೇ ಆಗಿದ್ದರೆ ಹೊಸ ಬಾಲ್ ಜಾಯಿಂಟ್, ಹೊಸ ಐಡ್ಲರ್ ಆರ್ಮ್ ಹಾಕಿಸಿ ಸುಮ್ನೆ ಇರಿ ಅನ್ನುತ್ತಿದ್ದೆ. ಕಲ್ಲು ದಾರಿ, 33 ಇಂಚಿನ ಟೈರ್ ಅಂದಿರಲ್ಲ, ಅದಕ್ಕೆ ಮುಂದಿನ ಮಾತು.

ಬರೀ ಆಕ್ಸಲ್ ಕೊಂಡವರ ಕಥೆ ಏನಾಗುತ್ತದೆ ಅಂದರೆ, ಸ್ಪ್ರಿಂಗ್‌ಗೆ ಒಬ್ಬನ ಹತ್ತಿರ, ಯು ಬೋಲ್ಟ್‌ಗೆ ಇನ್ನೊಬ್ಬನ ಹತ್ತಿರ, ಪ್ರೊಪೆಲ್ಲರ್ ಶಾಫ್ಟ್‌ಗೆ ಮತ್ತೊಂದು ಊರಿಗೆ ಅಲೆಯಬೇಕು. ಎಲ್ಲಾ ಸೇರಿ ಕಿಟ್ಟಿನ ಬೆಲೆಗೇ ಬಂದು ನಿಲ್ಲುತ್ತದೆ. ನಾನು 2014ರಲ್ಲಿ ನನ್ನ 1988ರ ಪಿಕಪ್‌ಗೆ ಈ ಕೆಲಸ ಮಾಡಿದಾಗ, ಸ್ಯಾಕ್ರಮೆಂಟೊ ಹತ್ತಿರ ಒಂದು ಬಾದಾಮಿ ತೋಟದಲ್ಲಿ ಇಂಜಿನ್ ಕೂತು ಹೋದ 1984ರ ಪಿಕಪ್ ಸಿಕ್ಕಿತು. ಟೈರಿನಲ್ಲಿ ಗಾಳಿ ಇರಲಿಲ್ಲ, ಹಿಂದಿನ ಡಬ್ಬದಲ್ಲಿ ಹುಲ್ಲು ಬೆಳೆದಿತ್ತು. ಇಡೀ ಗಾಡಿ ತಂದೆ. ನನಗೆ ಬೇಕಾದ್ದು ಬಿಚ್ಚಿಕೊಂಡು ಗೇರ್ ಬಾಕ್ಸ್, ಬಾಗಿಲು, ಡಬ್ಬ ಎಲ್ಲಾ ಮಾರಿದೆ. ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಗುಜರಿಗೆ ಹಾಕುವ ಗಾಡಿ ಅಂತ ಕಾಗದ ಬಿಡಬೇಡಿ, ಟೈಟಲ್ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ.

ಇಡೀ ಗಾಡಿ ತರುವುದರಲ್ಲಿ ಇನ್ನೊಂದು ಲಾಭ ಇದೆ, ಜನ ಅದನ್ನು ಮರೆಯುತ್ತಾರೆ. ಮುಂದಿನ ಮತ್ತು ಹಿಂದಿನ ಕ್ರೌನ್-ಪಿನಿಯನ್ ರೇಷಿಯೋ, ಅಂದರೆ ಆಕ್ಸಲ್ ಒಳಗಿನ ಎರಡು ಗೇರುಗಳ ಹಲ್ಲಿನ ಅನುಪಾತ, ಒಂದೇ ಇರಬೇಕು. ಮುಂದೆ 4.10 ಇದ್ದು ಹಿಂದೆ 4.30 ಇದ್ದರೆ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗ್ಗಾಡುತ್ತವೆ. ಕೊನೆಗೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಹೋಗುತ್ತದೆ. ನಿಮ್ಮದು ನಾಲ್ಕು ಸಿಲಿಂಡರ್ ಗಾಡಿ. ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್-ಪಿನಿಯನ್ ಕೂತಿರುವ ಗಡ್ಡೆ, ಇಲ್ಲಿ ಥರ್ಡ್ ಮೆಂಬರ್ ಅನ್ನುತ್ತಾರೆ, ಮುಂದಿನಿಂದ ಪೂರ್ತಿ ಹೊರಗೆ ಬರುತ್ತದೆ. ಹಳೇ ಗಾಡಿಯ ಹಿಂದಿನ ಗಡ್ಡೆಯನ್ನು ಬಿಚ್ಚಿ ನಿಮ್ಮ ಗಾಡಿಯ ಹಿಂದಿನ ಹೌಸಿಂಗ್‌ಗೆ ಕೂರಿಸಿ. ರೇಷಿಯೋ ಹೊಂದಿತು, ಗೇರ್ ಸೆಟ್ ಮಾಡಿಸುವ ಕೂಲಿ ಉಳಿಯಿತು. ಆದರೂ ಎರಡರ ಹಲ್ಲು ಎಣಿಸಿಯೇ ಹಾಕಿ. ನಲವತ್ತು ವರ್ಷದ ಗಾಡಿ, ಮಧ್ಯೆ ಯಾರು ಏನು ಬದಲಾಯಿಸಿದ್ದಾರೋ ಗೊತ್ತಿರುವುದಿಲ್ಲ.

ಅಗಲದ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೇ ಆಕ್ಸಲ್ ನಿಮ್ಮ ಗಾಡಿಗಿಂತ ಸುಮಾರು ಮೂರು ಇಂಚು ಕಿರಿದು. ಒಂದೊಂದು ಕಡೆಗೆ ಚಕ್ರವನ್ನು ಹೊರಕ್ಕೆ ತಳ್ಳುವ ಒಂದೂವರೆ ಇಂಚಿನ ವೀಲ್ ಸ್ಪೇಸರ್ ಹಾಕಿದರೆ ಸರಿಯಾಗುತ್ತದೆ. ಅಗ್ಗದ್ದು ಬೇಡ.

ಸ್ಪ್ರಿಂಗ್‌ಗೆ ಹೊಸದು ಕೊಳ್ಳಬೇಡಿ. ಹಳೇ ಪಿಕಪ್‌ನ ಹಿಂದಿನ ಲೀಫ್ ಸೆಟ್ಟನ್ನೇ ಮುಂದೆ ಹಾಕುವ ಉಪಾಯ ಇಲ್ಲಿ ಬಹಳ ಜನ ಮಾಡುತ್ತಾರೆ. ಉದ್ದ ಜಾಸ್ತಿ, ಹಾಗಾಗಿ ಚಕ್ರ ಚೆನ್ನಾಗಿ ಇಳಿದು ಏರುತ್ತದೆ. ಒಂದೆರಡು ಪಟ್ಟಿ ತೆಗೆದರೆ ಮೆತ್ತಗಾಗುತ್ತದೆ. ಎಷ್ಟು ತೆಗೆಯಬೇಕು ಅನ್ನುವುದನ್ನು ಗಾಡಿ ತನ್ನ ತೂಕದ ಮೇಲೆ ನಿಂತಾಗ ನೋಡಿ ತೀರ್ಮಾನಿಸಿ, ಮೊದಲೇ ಅಲ್ಲ.

ಕತ್ತರಿಸುವ ಮೊದಲು ಒಂದು ಎಚ್ಚರಿಕೆ. ಟಾರ್ಷನ್ ಬಾರ್ ಒಳಗೆ ದೊಡ್ಡ ಬಿಗಿ ಕೂತಿರುತ್ತದೆ. ಮುಂಭಾಗ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಜೋತು ಬಿದ್ದ ಮೇಲೆ ಅಡ್ಜಸ್ಟರ್ ಬೋಲ್ಟನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ. ಬಿಗಿ ಇರುವಾಗಲೇ ಗ್ರೈಂಡರ್ ಹಚ್ಚಿದರೆ ಕೈ ಮುರಿಯುತ್ತದೆ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಮೊದಲೇ ಬಿಚ್ಚಿ ದೂರ ಇಡಿ.

ಈಗ ಸ್ಟೀರಿಂಗ್. ಎಲ್ಲಕ್ಕಿಂತ ಜಾಸ್ತಿ ಇದನ್ನೇ ಬಿಡಿಸಿ ಹೇಳುತ್ತೇನೆ, ಜೀವ ಇರುವುದು ಇಲ್ಲೇ.

1985ರವರೆಗಿನ ಗಾಡಿಯಲ್ಲಿ ಸ್ಟೀರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಎಡಗಡೆ ಹಿಂದೆ-ಮುಂದೆ ಓಡಾಡುತ್ತದೆ. ಲೀಫ್ ಸ್ಪ್ರಿಂಗ್ ಚಪ್ಪಟೆಯಾದಾಗ ಆಕ್ಸಲ್ ಕೂಡ ಹಿಂದೆ-ಮುಂದೆ ಸರಿಯುತ್ತದೆ. ಎರಡೂ ಒಂದೇ ದಿಕ್ಕು. ಹಾಗಾಗಿ ಹಳ್ಳ ಹಾರಿದಾಗಲೆಲ್ಲ ಸ್ಟೀರಿಂಗ್ ಕೈಯಲ್ಲಿ ಒದೆಯುತ್ತದೆ. ನಿಮ್ಮ 1989ರ ಗಾಡಿಯಲ್ಲಿರುವ ಸ್ಟೀರಿಂಗ್ ಬಾಕ್ಸ್ ಬೇರೆ ಥರ, ಅದರ ಆರ್ಮ್ ಎಡದಿಂದ ಬಲಕ್ಕೆ ಆಡುತ್ತದೆ. ಹಳೇ ಗಾಡಿ ಇಟ್ಟುಕೊಂಡವರು ಈ ಬಾಕ್ಸ್‌ಗಾಗಿ ಗುಜರಿ ಅಂಗಡಿ ಹುಡುಕುತ್ತಾರೆ. ನಿಮ್ಮ ಹತ್ತಿರ ಅದು ಆಗಲೇ ಇದೆ, ಎಸೆಯಬೇಡಿ. ಅದಕ್ಕೆ ಹೊಂದುವ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಡುವ ತೋಳು) ಹಾಕಿ, ಡ್ರ್ಯಾಗ್ ಲಿಂಕನ್ನು ಬಲಗಡೆಯ ಚಕ್ರಕ್ಕೆ ಅಡ್ಡಡ್ಡ ಕೊಡಿ. ಆಕ್ಸಲ್ ತುದಿಯಲ್ಲಿ ಚಕ್ರದ ಜೊತೆ ಎಡಬಲ ತಿರುಗುವ ಭಾಗಕ್ಕೆ ನಕಲ್ (knuckle) ಅನ್ನುತ್ತಾರೆ. ಅದರ ಮೇಲೆ ನಾಲ್ಕು ಸ್ಟಡ್‌ಗೆ ಕೂರುವ ಎತ್ತರದ ಸ್ಟೀರಿಂಗ್ ಆರ್ಮ್ ಸಿಗುತ್ತದೆ. ಇದನ್ನು ಹೊಸದೇ ಕೊಳ್ಳಿ. ಎರಡು ಚಕ್ರವನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಕೂಡ ಸ್ಪ್ರಿಂಗಿಗಿಂತ ಮೇಲೆ ಹೋಗುತ್ತದೆ, ಕಲ್ಲಿಗೆ ತಾಗುವುದಿಲ್ಲ. ಸ್ಟೀರಿಂಗ್ ಆರ್ಮನ್ನು ಕಾಸಿ ಬಗ್ಗಿಸುವುದು, ಎರಡು ತುಂಡು ಟೈ ರಾಡ್ ಸೇರಿಸಿ ಬೆಸುಗೆ ಹಾಕುವುದು, ಇವೆರಡನ್ನು ದಯವಿಟ್ಟು ಮಾಡಬೇಡಿ. ಎಷ್ಟೇ ಚೆನ್ನಾಗಿ ಕಾಣಿಸಿದರೂ ಬೇಡ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಗೆ ಪ್ಲೇಟ್ ಹಾಕಿಸಿ. ದೊಡ್ಡ ಟೈರಿನ ಎಳೆತಕ್ಕೆ ಅಲ್ಲೇ ಬಿರುಕು ಬಿಡುವುದು.

ಎರಡನೆಯದು ಕ್ಯಾಸ್ಟರ್. ನಕಲ್‌ನ ಮೇಲಿನ ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ನಾಲ್ಕೈದು ಡಿಗ್ರಿ. ಆಗಲೇ ಗಾಡಿ ತಾನಾಗಿ ನೇರ ಹೋಗುವುದು. ಸ್ಪ್ರಿಂಗಿನ ಮುಂದಿನ ತುದಿ ಕೂರುವ ಹ್ಯಾಂಗರನ್ನು ನಾನು ಎತ್ತರದ ಆಸೆಗೆ ತುಂಬಾ ಕೆಳಗೆ ಹಾಕಿಬಿಟ್ಟಿದ್ದೆ. ಸ್ಪ್ರಿಂಗ್ ಮುಂದಕ್ಕೆ ವಾಲಿತು, ಅದರ ಜೊತೆ ಆಕ್ಸಲ್ ತಿರುಗಿತು, ಕ್ಯಾಸ್ಟರ್ ಒಂದು ಡಿಗ್ರಿಗೆ ಬಂತು. ಬೀದಿಯಲ್ಲಿ ಗೊತ್ತೇ ಆಗಲಿಲ್ಲ. ಹೆದ್ದಾರಿಯಲ್ಲಿ ಐವತ್ತು ಮೈಲಿ ವೇಗಕ್ಕೆ ಬಂದ ಕೂಡಲೇ ಗಾಡಿ ಆ ಕಡೆ ಈ ಕಡೆ ಅಲೆಯತೊಡಗಿತು. ಸ್ಟೀರಿಂಗ್ ತಿರುಗಿಸಿದರೆ ತಾನಾಗಿ ವಾಪಸ್ ಬರುತ್ತಲೇ ಇರಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು. ಮುಂದಿನ ಎಕ್ಸಿಟ್‌ನಲ್ಲಿ ಗಾಡಿಯನ್ನು ಹೆದ್ದಾರಿಯಿಂದ ಇಳಿಸಿ, ಊರೊಳಗಿನ ದಾರಿಯಲ್ಲೇ ಇಪ್ಪತ್ತು ಮೈಲಿ ವೇಗದಲ್ಲಿ ಮನೆಗೆ ತಂದೆ. ಮಾರನೇ ದಿನ ಹ್ಯಾಂಗರ್ ಕತ್ತರಿಸಿ ಮೇಲಕ್ಕೆ ತಂದೆ. ಹಾಗಾಗಿ ಎಲ್ಲವನ್ನೂ ಮೊದಲು ಚುಕ್ಕಿ ಬೆಸುಗೆಯಲ್ಲೇ ನಿಲ್ಲಿಸಿ. ಗಾಡಿಯನ್ನು ಸಮತಟ್ಟು ನೆಲಕ್ಕೆ ಇಳಿಸಿ, ಕೋನ ಅಳೆದು, ಆಮೇಲೆ ಪೂರ್ತಿ ಬೆಸುಗೆ. ಕ್ಯಾಸ್ಟರ್ ಜಾಸ್ತಿ ಮಾಡಿದಷ್ಟೂ ಪಿನಿಯನ್ ಮೂಗು, ಅಂದರೆ ಶಾಫ್ಟ್ ಬಂದು ಸೇರುವ ತುದಿ, ಕೆಳಗೆ ಇಳಿದು ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್‌ಗೆ ಕಷ್ಟವಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿ. ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ಸ್ಪ್ರಿಂಗ್ ಕೆಳಗೆ ಉಕ್ಕಿನ ಬೆಣೆ ಸಾಕು, ಅಲ್ಯೂಮಿನಿಯಂದು ಬೇಡ.

ಬೆಸುಗೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ 110 ವೋಲ್ಟಿನ ಮಷಿನ್ ಚುಕ್ಕಿ ಹಾಕುವುದಕ್ಕೆ ಸರಿ. ಕಾಲು ಇಂಚಿನ ಪ್ಲೇಟನ್ನು ಚಾಸಿಗೆ ಹಿಡಿಸುವುದಕ್ಕೆ ಅಲ್ಲ. ಮೇಲೆ ಸಾಲು ಚೆಂದ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಹಳೇ ಬ್ರ್ಯಾಕೆಟ್ ಕತ್ತರಿಸುವುದು, ಉಜ್ಜಿ ನುಣ್ಣಗೆ ಮಾಡುವುದು, ಅಳತೆ, ಚುಕ್ಕಿ ಎಲ್ಲಾ ನೀವೇ ಮಾಡಿ. ಕೊನೆಯ ಬೆಸುಗೆಗೆ ಪರಿಣತ ವೆಲ್ಡರ್ ಒಬ್ಬರನ್ನು ಅರ್ಧ ದಿನ ಕರೆಸಿ. ಎರಡೂವರೆ ಸಾವಿರದಲ್ಲಿ ಆ ಕೂಲಿಯನ್ನೂ ಸ್ಟೀರಿಂಗ್ ಆರ್ಮಿನ ದುಡ್ಡನ್ನೂ ಮೊದಲ ದಿನವೇ ಎತ್ತಿಡಿ. ಉಳಿದಿದ್ದರಲ್ಲಿ ಗಾಡಿ ಹುಡುಕಿ.

ಆಕ್ಸಲ್ ಮನೆಗೆ ಬಂದ ಮೇಲೆ ಹಾಗೇ ಹಾಕಬೇಡಿ, ಬಿಚ್ಚಿ. ನಕಲ್ ಗುಂಡಿನ ಒಳಗೆ, ಚಕ್ರಕ್ಕೆ ಶಕ್ತಿ ಕೊಡುವ ಬರ್ಫೀಲ್ಡ್ ಜಾಯಿಂಟ್ ಕಪ್ಪು ಗ್ರೀಸಿನಲ್ಲಿ ಮುಳುಗಿರುತ್ತದೆ. ಒಳಗಿನ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಬಂದು ಸೇರಿಕೊಂಡು ಆ ಗ್ರೀಸು ಅಂಬಲಿ ಥರ ನೀರಾಗಿ, ಗುಂಡಿನ ಹೊರಗೆ ಇಳಿದಿರುತ್ತದೆ. ನನ್ನದು ಹಾಗೇ ಇತ್ತು. ಎಲ್ಲಾ ಸೀಮೆಎಣ್ಣೆಯಲ್ಲಿ ತೊಳೆದು, ಜಾಯಿಂಟಿನ ಒಳಗಿನ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ. ನಕಲ್‌ನ ಮೇಲೆ ಕೆಳಗೆ ಇರುವ ತೆಳು ಲೋಹದ ಬಿಲ್ಲೆಗಳು, ಶಿಮ್‌ಗಳು, ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು, ಚೀಟಿ ಅಂಟಿಸಿ ಇಡಿ. ಹೊಸ ಬೇರಿಂಗ್ ಕೂರಿಸಿದ ಮೇಲೆ, ಗ್ರೀಸ್ ಸೀಲು ಹಾಕುವ ಮೊದಲು, ಸ್ಟೀರಿಂಗ್ ಆರ್ಮಿನ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಮೂರರಿಂದ ಆರು ಕಿಲೋ ಎಳೆತಕ್ಕೆ ನಕಲ್ ತಿರುಗಬೇಕು. ಅದಕ್ಕಿಂತ ಸಡಿಲ ಇದ್ದರೆ ಮುಂದೆ ಚಕ್ರ ನಡುಗುತ್ತದೆ.

ಎಲ್ಲಾ ಮುಗಿದ ಮೇಲೆ ಒಂದು ಚಕ್ರ ಜಾಕ್‌ನಲ್ಲಿ ಪೂರ್ತಿ ಎತ್ತಿ, ಇನ್ನೊಂದನ್ನು ಜೋತು ಬಿಡಿ. ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತಿದ್ದರೆ ಉದ್ದದ್ದು ಹಾಕಿ. ಟೇಪ್ ಹಿಡಿದು ಟೋ ನೋಡಿ. ಟೈರಿನ ಮುಂಭಾಗದ ಅಂತರ ಹಿಂಭಾಗಕ್ಕಿಂತ ಮೂರು ಮಿಲಿಮೀಟರ್ ಕಡಿಮೆ ಇದ್ದರೆ ಆಯಿತು. ಗಾಡಿ ಎಷ್ಟು ಎತ್ತರಿಸಬಹುದು ಅನ್ನುವ ಕಾನೂನಿನ ಮಿತಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನೆವಾಡಾದ್ದನ್ನು ಕೆಲಸ ಶುರು ಮಾಡುವ ಮೊದಲೇ ನೋಡಿಕೊಳ್ಳಿ. ಮೊದಲ ನೂರು ಮೈಲಿ ಆದ ಮೇಲೆ ಯು ಬೋಲ್ಟ್‌ಗಳಿಗೆ ಮತ್ತೆ ಪಾನಾ ಹಾಕಿ.

ಪ್ರಶ್ನೆ: ಎರಡು ಚಕ್ರ ಬೇರೆಬೇರೆ ಆಡಿದರೇ ಒಳ್ಳೆಯದು ಅಲ್ವಾ? ಹಳೇ ಕಾಲದ ಒಂದೇ ತೊಲೆ ಕಲ್ಲಿನ ಮೇಲೆ ಹೇಗೆ ಮೇಲಾಗುತ್ತದೆ? — ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಂದು ಲಟ್ಟಣಿಗೆ ತಗೊಳ್ಳಮ್ಮ. ಮಧ್ಯದಲ್ಲಿ ಸಡಿಲವಾಗಿ ಹಿಡಿದು ಒಂದು ತುದಿಯನ್ನು ಮೇಲಕ್ಕೆ ಒತ್ತು. ಇನ್ನೊಂದು ತುದಿ ತಾನಾಗಿ ಕೆಳಗೆ ಹೋಗುತ್ತದೆ. ಗಟ್ಟಿ ಆಕ್ಸಲ್‌ನಲ್ಲೂ ಹಾಗೇ. ಎಡ ಚಕ್ರ ಬಂಡೆ ಹತ್ತಿದರೆ ಬಲ ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಡಿತ ಉಳಿಯುತ್ತದೆ. ಚಕ್ರ ಕಲ್ಲು ಹತ್ತಿದಾಗ ಆಕ್ಸಲ್ಲೂ ಅದರ ಜೊತೆ ಮೇಲೆ ಬರುತ್ತದೆ. ಐಎಫ್‌ಎಸ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೆ ಅಂಟಿಕೊಂಡಿರುತ್ತದೆ, ಚಕ್ರ ಮೇಲೆ ಹೋದರೆ ಹೊಟ್ಟೆ ಕಲ್ಲಿನ ಹತ್ತಿರ ಬರುತ್ತದೆ. ಟಾರು ರಸ್ತೆಯ ವೇಗದಲ್ಲಿ ಮಾತ್ರ ನೀನು ಹೇಳಿದ್ದೇ ಸರಿ.

ಪ್ರಶ್ನೆ: ನನ್ನದು 2012ರ ಮಹೀಂದ್ರಾ ಥಾರ್. ತೋಟದ ದಾರಿಗೆ ಹಳೇ ಮಹೀಂದ್ರಾ ಜೀಪು ಎಂಎಂ 540ಯ ಮುಂದಿನ ಗಟ್ಟಿ ಆಕ್ಸಲ್ ಹಾಕಿಸೋಣ ಅಂತಿದ್ದೇನೆ. ಇಲ್ಲಿಯ ಗ್ಯಾರೇಜಿನವರು ಆರಾಮಾಗಿ ಮಾಡಿಕೊಡುತ್ತೇನೆ ಅಂದಿದ್ದಾರೆ. — ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ನಮ್ಮೂರಿನ ಪ್ರಶ್ನೆ ನೋಡಿ ಖುಷಿಯಾಯಿತು. ನಾನು ಪಾನಾ ಹಿಡಿಯಲು ಕಲಿತದ್ದು ಸಕಲೇಶಪುರದಲ್ಲಿ, ಅಪ್ಪನ ಜೀಪ್ ಗ್ಯಾರೇಜಿನಲ್ಲಿ. ಕೆಲಸ ಆಗುತ್ತದೆ, ನಿಜ. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ ಮಾಡೆಲ್‌ಗೂ ಮುಂದೆ ಟಾರ್ಷನ್ ಬಾರ್ ಐಎಫ್‌ಎಸ್ಸೇ. ಆದರೂ ನಾನು ಬೇಡ ಅನ್ನುತ್ತೇನೆ, ಸಾರ್.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದಂಡಕ್ಕಿಂತ ನನಗೆ ಚಿಂತೆ ಇನ್ಶೂರೆನ್ಸಿನದು. ತೋಟದ ಆಳುಗಳನ್ನು ಕೂರಿಸಿಕೊಂಡು ಹೋಗುವ ಗಾಡಿ. ಏನಾದರೂ ಆದರೆ ಬದಲಾಯಿಸಿದ ಗಾಡಿ ಅಂತ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಗುತ್ತದೆ.

ಗಟ್ಟಿ ಆಕ್ಸಲ್ಲೇ ಬೇಕೆಂದರೆ ಕಂಪನಿಯಿಂದಲೇ ಹಾಗೆ ಬಂದ ಎಂಎಂ 540 ಒಂದನ್ನು ಹುಡುಕಿ. ಆರ್‌ಸಿ ಅವಧಿ ನೋಡಿ, ಚಾಸಿ ನಂಬರು ತಾಳೆ ಮಾಡಿ. ಮಲೆನಾಡಿನ ಗಾಡಿಗಳಿಗೆ ಚಾಸಿ ಒಳಗಿನಿಂದ ತುಕ್ಕು ಹಿಡಿದಿರುತ್ತದೆ, ಸ್ಪ್ರಿಂಗ್ ಹ್ಯಾಂಗರ್ ಪಕ್ಕದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ. ಮುಂದಿನ ಚಕ್ರ ಎತ್ತಿ, ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ನೀವು ಟೈರಿನ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಬ್ರೇಕ್ ಹಿಡಿದಿರುವಾಗಲೂ ಆಟ ಇದ್ದರೆ ಅದು ವೀಲ್ ಬೇರಿಂಗ್ ಅಲ್ಲ, ನಕಲ್ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್. ಅದರ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.