ಎರಡು ಸ್ವಿಚ್ ಇದ್ದರೆ ಪ್ರೊಟೆಕ್ಟೆಡ್ ಪೋರ್ಟ್ ಸಾಲದು

ನಮಸ್ಕಾರ. ಹಾಸ್ಟೆಲ್‌ನ ಎರಡೂ ಸಿಸ್ಕೋ ಸ್ವಿಚ್‌ಗಳಲ್ಲಿ ರೂಮಿನ ಪೋರ್ಟ್‌ಗಳಿಗೆಲ್ಲ ಪ್ರೊಟೆಕ್ಟೆಡ್ (ಪೋರ್ಟ್‌ಗಳು ಒಂದಕ್ಕೊಂದು ಮಾತಾಡದಂತೆ ತಡೆಯುವ ಸೆಟ್ಟಿಂಗ್) ಹಾಕಿದ್ದೀರಿ, ಆದರೂ ಕೆಳಗಿನ ಮಹಡಿಯಿಂದ ಮೇಲಿನ ಲ್ಯಾಪ್‌ಟಾಪ್‌ಗೆ ಪಿಂಗ್ ಹೋಗುತ್ತಿದೆ ಅಂತ ಕೇಳಿದ್ದೀರಿ. ನಿಮ್ಮ ತಪ್ಪೇನೂ ಇಲ್ಲ. ಪ್ರೊಟೆಕ್ಟೆಡ್ ಒಂದೇ ಸ್ವಿಚ್ಚಿನೊಳಗೆ ಮಾತ್ರ ಕೆಲಸ ಮಾಡುತ್ತದೆ. ಟ್ರಂಕ್ (ಎರಡು ಸ್ವಿಚ್‌ಗಳನ್ನು ಜೋಡಿಸುವ ಕೊಂಡಿ) ದಾಟಿ ಬಂದ ಫ್ರೇಮ್ (ಡೇಟಾದ ತುಣುಕು) ಯಾವ ಪೋರ್ಟಿನಿಂದ ಹೊರಟಿತ್ತು ಅಂತ ಪಕ್ಕದ ಸ್ವಿಚ್ಚಿಗೆ ಗೊತ್ತಾಗುವುದಿಲ್ಲ, ಅಲ್ವಾ?

ನಿಮಗೆ ಬೇಕಿರುವುದು ಪ್ರೈವೇಟ್ ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕ್‌ನೊಳಗಿನ ಸಾಧನಗಳನ್ನು ಒಂದರಿಂದ ಒಂದು ಬೇರ್ಪಡಿಸುವ ವ್ಯವಸ್ಥೆ. ಮೊದಲು ಮಾಡೆಲ್ ನೋಡಿ: ಕ್ಯಾಟಲಿಸ್ಟ್ 2960ರಲ್ಲಿ ಇದಿಲ್ಲ, 3560ರಲ್ಲಿ ಇದೆ. ವಿಟಿಪಿಯನ್ನು (ಸ್ವಿಚ್‌ಗಳು ವಿಲ್ಯಾನ್ ಪಟ್ಟಿ ಹಂಚಿಕೊಳ್ಳುವ ಪ್ರೊಟೊಕಾಲ್) ಟ್ರಾನ್ಸ್‌ಪರೆಂಟ್ ಮಾಡಿ. ವಿಲ್ಯಾನ್ 100 ಪ್ರೈಮರಿ (ಮುಖ್ಯ), ವಿಲ್ಯಾನ್ 101 ಐಸೊಲೇಟೆಡ್ (ಬೇರ್ಪಟ್ಟದ್ದು) ಅಂತ ಮಾಡಿ ಎರಡನ್ನೂ ಜೋಡಿಸಿ. ರೂಮಿನ ಪೋರ್ಟ್‌ಗಳೆಲ್ಲ ಹೋಸ್ಟ್ ಮೋಡ್, ರೂಟರ್ ಪೋರ್ಟ್ ಮಾತ್ರ ಪ್ರಾಮಿಸ್ಕ್ಯೂಯಸ್ (ಎಲ್ಲ ಪೋರ್ಟ್‌ಗಳ ಜೊತೆ ಮಾತಾಡಬಲ್ಲದ್ದು). ಇಲ್ಲೇ ನಾನು ಒಮ್ಮೆ ಅರ್ಧ ದಿನ ಕಳೆದೆ. ಲಿಂಕ್ ದೀಪ ಹಸಿರಾಗಿಯೇ ಇದೆ, ಐಪಿ ಮಾತ್ರ ಬರುತ್ತಿಲ್ಲ! ಕೊನೆಗೆ ನೋಡಿದರೆ ಪ್ರಾಮಿಸ್ಕ್ಯೂಯಸ್ ಪೋರ್ಟಿನ ಮ್ಯಾಪಿಂಗ್‌ನಲ್ಲಿ (ಅದು ಯಾವ ವಿಲ್ಯಾನ್‌ಗಳ ಜೊತೆ ಮಾತಾಡಬೇಕು ಎಂಬ ಪಟ್ಟಿ) 101 ಬಿಟ್ಟುಹೋಗಿತ್ತು. ಎರಡು ಸ್ವಿಚ್‌ಗಳ ನಡುವಿನ ಟ್ರಂಕ್‌ನಲ್ಲೂ 100, 101 ಎರಡೂ ಹಾದುಹೋಗಬೇಕು.

ಇಷ್ಟಾದ ಮೇಲೂ ರೂಟರ್ ಮೂಲಕ ಸುತ್ತಿಕೊಂಡು ಒಂದು ರೂಮಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಉಳಿಯಬಹುದು. ಅದಕ್ಕೆ ರೂಟರ್‌ನಲ್ಲಿ ಎಸಿಎಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಹಾಕಿ: ಗೇಟ್‌ವೇ (ಅಂದರೆ ರೂಟರ್‌ನ) ವಿಳಾಸಕ್ಕೆ ಮೊದಲು ಅನುಮತಿ, ಆಮೇಲೆ ಅದೇ ಸಬ್‌ನೆಟ್‌ಗೆ (ರೂಮುಗಳೆಲ್ಲ ಇರುವ ಐಪಿ ವಿಳಾಸಗಳ ಗುಂಪಿಗೆ) ಹೋಗುವುದಕ್ಕೆಲ್ಲ ತಡೆ, ಉಳಿದದ್ದಕ್ಕೆ ಅನುಮತಿ. ಐಪಿ ಬಾರದಿದ್ದರೆ ಮ್ಯಾಪಿಂಗ್ ಸಾಲನ್ನು ಇಲ್ಲಿ ಹಾಕಿ, ನೋಡುತ್ತೇನೆ.